ಎಣಿಕೆಗೆ ಸಿಗದ ಇಪ್ಪತ್ತಮೂರು ಲೇಖನಗಳು

ಹಲ್ಲು ಕೀಳುವ ವೈದ್ಯರು ನಮ್ಮ ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಹಲ್ಲು ಕಟ್ಟುವವರಿಗೂ ಬರವಿಲ್ಲ. ಆದರೆ ಹಲ್ಲಿನ ಬಗ್ಗೆ ಯಾರು, ಯಾವಾಗ, ಎಷ್ಟು ಬರೆದಿದ್ದಾರೆ ಎಂಬುದನ್ನು ಒಂದೊಂದಾಗಿ ಎಣಿಸಿ, ಆ ಎಣಿಕೆಯನ್ನು ಮುಂದಿಟ್ಟುಕೊಂಡು ಒಂದು ಜಿಲ್ಲೆಯ ಮಕ್ಕಳ ಪರವಾಗಿ ವಾದಿಸಿದ ದಂತವೈದ್ಯರು ಅಪರೂಪ. ಶ್ರೀನಿವಾಸಪುರ, ಮಾಲೂರು, ಮುಳಬಾಗಿಲು ಮತ್ತು ಕೋಲಾರದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈಚೆಗೆ ವಯೋನಿವೃತ್ತಿ ಹೊಂದಿದ ಡಾ. ಸುನಂದ ಅವರು ಆ ಅಪರೂಪದವರಲ್ಲಿ ಒಬ್ಬರು. ವೈದ್ಯಕೀಯ ಪತ್ರಿಕೆಗಳಲ್ಲಿ ದಂತ ಸಂಶೋಧನೆಗೆ ಸಿಕ್ಕ ಜಾಗವೆಷ್ಟು ಎಂಬ ಪ್ರಶ್ನೆ ಈ ರಾಜ್ಯದಲ್ಲಿ ಎಲ್ಲಿ ಎದ್ದರೂ, ಬಲ್ಲವರು ಇಂದು ಮೊದಲು ನೆನೆಯುವುದು ಅವರ ಹೆಸರನ್ನೇ.

ಇಂಥ ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ಅಜಾತಶತ್ರುಗಳು, ಎಲ್ಲರದೂ ಹೂವಿನಂಥ ಮನಸ್ಸು. ಸುನಂದ ಅವರ ವಿಷಯದಲ್ಲಿ ಹಾಗೆ ಬರೆದರೆ ಮೊದಲು ನಗುವವರು ಅವರೇ. ಅವರದು ಹಿಡಿದ ಹಠ ಬಿಡದ ಸ್ವಭಾವ. ಅವರೊಡನೆ ಕೆಲಸ ಮಾಡಿದವರಲ್ಲಿ ಒಮ್ಮೆಯಾದರೂ ಬೈಸಿಕೊಳ್ಳದವರು ಯಾರೂ ಇಲ್ಲ, ಬೈಸಿಕೊಂಡ ಮೇಲೆ ಅವರನ್ನು ಬಿಟ್ಟುಹೋದವರೂ ಇಲ್ಲ. ಹಾಗಾಗಿ ಇಲ್ಲಿ ಅವರ ಗುಣಗಾನಕ್ಕಿಂತ ಅವರು ಮಾಡಿದ ಒಂದು ತಪ್ಪಿನ ಕಥೆಯನ್ನು ಹೇಳುವುದೇ ಅವರಿಗೆ ಸಲ್ಲಿಸಬಹುದಾದ ಸರಿಯಾದ ಗೌರವ.

ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ, ಕಲ್ಲಿನ ವಿಗ್ರಹಗಳಿಗೆ ಹೆಸರಾದ ಶಿವಾರಪಟ್ಟಣದ ನೆರೆಯ ಒಂದು ಹಳ್ಳಿಯಲ್ಲಿ. ತಂದೆ ಚನ್ನರಾಯಪ್ಪ ರಾಗಿ ಬೆಳೆದು, ಹಿಪ್ಪುನೇರಳೆ ಹಾಕಿ, ರೇಷ್ಮೆಹುಳು ಸಾಕಿ ಮಕ್ಕಳನ್ನು ಓದಿಸಿದವರು. ಸುನಂದ ಏಳು ವರ್ಷದವರಿದ್ದಾಗ ಊರಿಗೆ ಕೊಳವೆಬಾವಿ ಬಂತು. ದೊಡ್ಡವಳಾದ ಸುನಂದ ಅವರ ಹಲ್ಲು ಹೇಗೋ ಬಚಾವಾಯಿತು. ಆ ನೀರು ಕುಡಿದೇ ಬೆಳೆದ ತಂಗಿ ರಜನಿಯ ಹಲ್ಲುಗಳ ಮೇಲೆ ಮಾತ್ರ ಕಂದು ಪಟ್ಟೆಗಳು ಎದ್ದವು. ಶಾಲೆಯ ಗುಂಪು ಫೋಟೋದಲ್ಲಿ ಅವಳು ಬಾಯಿ ಬಿಗಿದೇ ನಿಂತಿದ್ದಾಳೆ. ಅಕ್ಕನಿಗೆ ದಂತವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ಮನೆಮಂದಿಯೆಲ್ಲ ಸಂಭ್ರಮದಲ್ಲಿದ್ದಾಗ, ತಂಗಿ ಹತ್ತಿರ ಬಂದು, "ಅಕ್ಕಾ, ಅಲ್ಲಿ ಓದಿದ್ ಮೇಲೆ ನನ್ ಹಲ್ಲು ಬೆಳ್ಳಗ್ ಮಾಡ್ತೀಯಾ?" ಎಂದು ಕೇಳಿದಳಂತೆ. ಮಾಡುತ್ತೇನೆ ಎಂದು ಅಕ್ಕ ಮಾತು ಕೊಟ್ಟರು. ಆ ಪಟ್ಟೆಗಳು ತಿಕ್ಕಿದರೆ ಹೋಗುವಂಥವಲ್ಲ, ಹಲ್ಲು ಬಲಿಯುವಾಗಲೇ ನೀರಿನ ಫ್ಲೋರೈಡ್ ಒಳಗೆ ಸೇರಿ ಆಗುವಂಥವು ಎಂಬುದು ಅವರಿಗೆ ತಿಳಿದದ್ದು ಮೂರನೆಯ ವರ್ಷದಲ್ಲಿ. ತಂಗಿಗೆ ಅದನ್ನು ಹೇಳಲು ಅವರಿಗೆ ಇನ್ನೊಂದು ವರ್ಷ ಹಿಡಿಯಿತು.

ಸಾವಿರದ ಒಂಬೈನೂರ ತೊಂಬತ್ತರಲ್ಲಿ ಸೇವೆಗೆ ಸೇರಿ ಮೊದಲು ಬಂದದ್ದು ಶ್ರೀನಿವಾಸಪುರಕ್ಕೆ. ಅಲ್ಲಿದ್ದ ದಂತ ಕುರ್ಚಿಯ ಬೆನ್ನು ಒರಗಿದರೆ ಏಳುತ್ತಿರಲಿಲ್ಲ, ಎದ್ದರೆ ಒರಗುತ್ತಿರಲಿಲ್ಲ. ಆಂಧ್ರದ ಗಡಿಯ ಕಡೆಯ ಹಳ್ಳಿಗಳಿಂದ ಬರುತ್ತಿದ್ದವರಿಗೆ ಹಲ್ಲುನೋವೆಂದರೆ ಕೀಳಿಸುವುದೊಂದೇ ಗೊತ್ತು. "ಡಾಕ್ಟ್ರಮ್ಮಾ, ಮೂರ್ ದಿನದಿಂದ ಒಂದೇ ನೊಪ್ಪಿ, ಕಿತ್ತಾಕಿ ಪುಣ್ಯ ಕಟ್ಕೊಳ್ಳಿ" ಎಂದು ಕೆನ್ನೆ ಹಿಡಿದು ಕೂತ ವೆಂಕಟರತ್ನಮ್ಮ ಎಂಬಾಕೆಗೆ, ಹಲ್ಲು ಉಳಿಯುತ್ತದೆ, ನಾಲ್ಕು ಸಲ ಬರಬೇಕು ಎಂದು ತೆಲುಗಿನಲ್ಲಿ ತಿಳಿಹೇಳಿದರು. ಆಕೆ ಎರಡನೆಯ ಸಲಕ್ಕೇ ಬರಲಿಲ್ಲ. ಸುನಂದ ಅವರು ಮುಂದಿನ ರಜೆಯ ದಿನ ಸಾಮಾನು ಕಟ್ಟಿಕೊಂಡು ಆಕೆಯ ಊರಿಗೇ ಹೋಗಿ, ಜಗಲಿಯ ಮೇಲೆ ಕೂರಿಸಿ ಚಿಕಿತ್ಸೆ ಮುಂದುವರಿಸಿದರು. ಅದೇ ಹೊತ್ತಿನಲ್ಲಿ ಆ ಬೀದಿಯ ಹನ್ನೊಂದು ಮಂದಿಯ ಬಾಯನ್ನೂ ನೋಡಿ ಬಂದರು. ಮಾವಿನ ಕಾಲದಲ್ಲಿ ತೋಟದ ಆಳುಗಳು ಕೆಲಸ ಮುಗಿಸಿಯೇ ಬರಬೇಕಲ್ಲ ಎಂದು ಹೊರರೋಗಿ ವಿಭಾಗದ ಬಾಗಿಲನ್ನು ಸಂಜೆ ಆರರವರೆಗೆ ತೆರೆದಿಡುತ್ತಿದ್ದುದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ.

ಮಾಲೂರಿನಲ್ಲಿ ಕೆಲವು ವರ್ಷ ಇದ್ದು ಅವರು ಮುಳಬಾಗಿಲಿಗೆ ಬಂದ ಮೇಲೆ ಈ ಕಥೆ ಶುರುವಾಗುತ್ತದೆ. ವೈದ್ಯರ ಬಳಗವೊಂದು ಬೆಂಗಳೂರಿನಿಂದ ಹೊರತರುವ ಇಂಗ್ಲಿಷ್ ಮಾಸಪತ್ರಿಕೆಯೊಂದು ಆಸ್ಪತ್ರೆಗೆ ಬರುತ್ತಿತ್ತು. ಹೃದಯ, ಶ್ವಾಸಕೋಶ, ಹೆರಿಗೆ, ಜ್ವರ ಎಲ್ಲದರ ಸಂಶೋಧನೆಯೂ ಅದರಲ್ಲಿ ಇರುತ್ತಿತ್ತು. ಅದರ ಹೆಸರು ಉದ್ದವಾಗಿದ್ದರಿಂದ ಎಲ್ಲರೂ ಅದನ್ನು ಹಸಿರು ರಟ್ಟಿನ ಪತ್ರಿಕೆ ಎನ್ನುತ್ತಿದ್ದರು. ಒಂದು ದಿನ ಸುನಂದ ಅವರು ಅದನ್ನು ಕೈಗೆತ್ತಿಕೊಂಡಾಗ ಹಿರಿಯ ವೈದ್ಯರೊಬ್ಬರು, "ನಿಮಗೇನಿರುತ್ತೆ ಬಿಡಿ ಮೇಡಂ ಅದ್ರಲ್ಲಿ? ಅದು ದೇಹದ ಪತ್ರಿಕೆ" ಎಂದು ತಮಾಷೆ ಮಾಡಿದರು. ಹಲ್ಲು ದೇಹದಲ್ಲೇ ಇರುತ್ತದೆ ಎಂದು ವಾದಿಸುವ ಬದಲು ಸುನಂದ ಅವರು ಎಣಿಸಲು ಕೂತರು.

ಔಷಧಿ ವಿತರಕ ಕದಿರೇಶ್ ಉಗ್ರಾಣದಿಂದ ಹಳೆಯ ಸಂಚಿಕೆಗಳ ಕಟ್ಟುಗಳನ್ನು ಹೊರತೆಗೆದುಕೊಟ್ಟರು. ಗೆದ್ದಲು ತಿಂದವನ್ನು ಬಿಟ್ಟು ಮಿಕ್ಕವನ್ನು ಸಾಲಾಗಿ ಜೋಡಿಸಿದ್ದಾಯಿತು. ಇಲ್ಲದವನ್ನು ಹುಡುಕಿಕೊಂಡು ಎರಡನೆಯ ಶನಿವಾರಗಳಂದು ಕೋಲಾರದ, ಬೆಂಗಳೂರಿನ ಗ್ರಂಥಾಲಯಗಳಿಗೆ ಅಲೆದದ್ದಾಯಿತು. ಸಂಚಿಕೆಗೆ ಒಂದು ಚೀಟಿ. ಅದರಲ್ಲಿ ಒಟ್ಟು ಲೇಖನಗಳೆಷ್ಟು, ದಂತ ಲೇಖನಗಳೆಷ್ಟು, ಯಾವ ರೋಗ, ಯಾವ ಊರು. ಎಣಿಕೆಗೆ ಒಂದು ನಿಯಮವನ್ನೂ ಮಾಡಿಕೊಂಡರು: ಮೊದಲ ಲೇಖಕರು ದಂತವೈದ್ಯರಾಗಿದ್ದರೆ ಮಾತ್ರ ಅದು ದಂತ ಲೇಖನ. ಇದರಿಂದ ಕೆಲಸ ಹಗುರವಾಯಿತು. ಹೆಸರಿನ ಕೆಳಗಿನ ವಿಭಾಗದ ಸಾಲನ್ನು ನೋಡಿದರೆ ಸಾಕು, ಲೇಖನವನ್ನು ಓದಲೇಬೇಕೆಂದಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕೂತು, ತೊಡೆಯ ಮೇಲೆ ಸಂಚಿಕೆಗಳನ್ನಿಟ್ಟುಕೊಂಡು, ಮುಳಬಾಗಿಲಿನಿಂದ ಕೋಲಾರ ಮುಟ್ಟುವುದರೊಳಗೆ ಆರು ತಿಂಗಳ ಪತ್ರಿಕೆಯನ್ನು ಅವರು ಮುಗಿಸುತ್ತಿದ್ದರು.

ಎಂಬತ್ತಾರರಿಂದ ಎರಡು ಸಾವಿರದ ಹದಿನೈದರವರೆಗಿನ ಮೂವತ್ತು ವರ್ಷಗಳ ಲೆಕ್ಕ ಹೀಗೆ ಸಿದ್ಧವಾಯಿತು. ಒಟ್ಟು ಲೇಖನಗಳು ನಾಲ್ಕು ಸಾವಿರದ ಮುನ್ನೂರ ಹದಿನೆಂಟು, ಅದರಲ್ಲಿ ಹಲ್ಲಿನ ಪಾಲು ತೊಂಬತ್ತೇಳು. ಮೊದಲ ಹತ್ತು ವರ್ಷದಲ್ಲಿ ಹದಿನಾಲ್ಕು, ಎರಡನೆಯ ಹತ್ತರಲ್ಲಿ ಮೂವತ್ತೊಂದು, ಮೂರನೆಯದರಲ್ಲಿ ಐವತ್ತೆರಡು. ಏರಿಕೆಯೇನೋ ಇತ್ತು, ಆದರೆ ಏರಿದ್ದೆಲ್ಲ ದೊಡ್ಡ ನಗರದ ಕಾಲೇಜುಗಳಿಂದ ಬಂದ ಅಪರೂಪದ ಗಡ್ಡೆಗಳ, ಕೃತಕ ಹಲ್ಲು ಕೂರಿಸುವ ಹೊಸ ವಿಧಾನಗಳ ವರದಿಗಳು. ಹಳ್ಳಿಯ ಮಕ್ಕಳ ಹುಳುಕು ಹಲ್ಲು, ಬಣ್ಣಗೆಟ್ಟ ಹಲ್ಲು ಅಲ್ಲಿ ಇರಲಿಲ್ಲ. ಕೋಲಾರ ಜಿಲ್ಲೆಯ ಕಾಲಂನಲ್ಲಿದ್ದದ್ದು ಸೊನ್ನೆ.

ಆ ಸೊನ್ನೆಯೇ ಅವರ ದೊಡ್ಡ ಅಸ್ತ್ರವಾಯಿತು. ಅಷ್ಟು ಹೊತ್ತಿಗೆ ಅವರು ಕೋಲಾರದ ಆಸ್ಪತ್ರೆಗೆ ಬಂದಿದ್ದರು. ಈ ಎಣಿಕೆಯ ಬಗ್ಗೆ ಅವರು ಬರೆದ ಲೇಖನವನ್ನು ಹಸಿರು ರಟ್ಟಿನ ಪತ್ರಿಕೆಯೇ ಒಪ್ಪಿ ಅಚ್ಚಿಗೆ ಕಳಿಸಿತ್ತು. ಅದೇ ಸಮಯಕ್ಕೆ ದತ್ತಿ ಸಂಸ್ಥೆಯೊಂದು, ಒಳಗೇ ಕುರ್ಚಿ, ದೀಪ, ಯಂತ್ರಗಳೆಲ್ಲ ಇರುವ ಹಲ್ಲಿನ ತಪಾಸಣೆಯ ಬಸ್ಸೊಂದನ್ನು ಕೊಡಲು ಮುಂದೆ ಬಂತು. ಅದರ ಷರತ್ತು ಒಂದೇ: ಮಕ್ಕಳ ಹಲ್ಲಿನ ಬಗ್ಗೆ ಈವರೆಗೆ ಯಾವ ಅಧ್ಯಯನವೂ ಪ್ರಕಟವಾಗದ ಜಿಲ್ಲೆಗೆ ಮಾತ್ರ ಬಸ್ಸು. ಸುನಂದ ಅವರು ಅರ್ಜಿಗೆ ತಮ್ಮ ಲೇಖನದ ಪ್ರತಿಯನ್ನೇ ಲಗತ್ತಿಸಿದರು. ಬಸ್ಸು ಹೆಚ್ಚುಕಡಿಮೆ ಕೋಲಾರಕ್ಕೇ ಎಂದಾಯಿತು. ಮೊದಲು ಮುಳಬಾಗಿಲ ಕಡೆ ಹೋಗುವುದೋ ಮಾಲೂರಿನ ಕಡೆಯೋ ಎಂಬ ಚರ್ಚೆಯೂ ಆಸ್ಪತ್ರೆಯಲ್ಲಿ ನಡೆದಿತ್ತು.

ಆ ದಿನಗಳಲ್ಲೇ ಮುಳಬಾಗಿಲು ತಾಲ್ಲೂಕಿನಿಂದ ದೊಡ್ಡಮುನಿಯಮ್ಮ ಎಂಬ ನಿವೃತ್ತ ಆರೋಗ್ಯ ಸಹಾಯಕಿ ಹಲ್ಲುಸೆಟ್ಟು ಕಟ್ಟಿಸಿಕೊಳ್ಳಲು ಬಂದರು. ಅಚ್ಚು ತೆಗೆಯಲು ಬಾಯ ತುಂಬ ಲೇಪ ತುಂಬಿ, ಅದು ಗಟ್ಟಿಯಾಗುವವರೆಗೆ ಅಲುಗಾಡದಂತೆ ಕೂರಿಸಿದ್ದರು. ಉತ್ತರ ಕೊಡಲಾಗದವರ ಹತ್ತಿರ ಹರಟುವುದು ದಂತವೈದ್ಯರ ಹುಟ್ಟುಗುಣ. ಸುನಂದ ಅವರೂ ಬಸ್ಸಿನ ಸುದ್ದಿ ಹೇಳುತ್ತ, "ನಿಮ್ಮ ಕಡೆ ಮಕ್ಕಳ ಬಾಯಿ ಒಬ್ರೂ ಬಿಡಿಸಿ ನೋಡಿಲ್ಲ ನೋಡಿ ಇಷ್ಟು ವರ್ಷ" ಎಂದರು. ಕುರ್ಚಿಯಲ್ಲಿದ್ದ ಮುದುಕಿ ಗೂಂ ಗೂಂ ಎಂದು ಕೈಬೀಸತೊಡಗಿದರು. ಉಸಿರು ಕಟ್ಟಿತೇನೋ ಎಂದು ಗಾಬರಿಯಾಗಿ ಅಚ್ಚು ಎಳೆದದ್ದೇ ತಡ, ಬೊಚ್ಚು ಬಾಯಿ ತೆರೆದುಕೊಂಡಿತು.

"ಏನಮ್ಮಾ ಹಂಗಂತೀರಾ? ಯಾರೂ ನೋಡ್ಲಿಲ್ಲ ಅಂದ್ರೆ ನಾನೇನು ಆ ಮಕ್ಕಳ ಬಾಯೊಳ್ಗೆ ಕಡ್ಲೇಕಾಯಿ ಹುಡುಕ್ತಿದ್ನಾ? ಆರ್ನೂರ ಹನ್ನೆರಡು ಮಕ್ಕಳು! ಒಂಬತ್ತೂರು! ಒಂದೊಂದ್ ಬಾಯೂ ನಾನೇ ಬಿಡ್ಸಿ ಬ್ಯಾಟ್ರಿ ಬಿಟ್ಟು ನೋಡಿದ್ದು. ನಮ್ ಡಾಕ್ಟ್ರು ಕೋದಂಡರಾಮಪ್ನೋರು ಬರ್ಕೊಂಡ್ರು. ಬೆಂಗ್ಳೂರ್ ಬುಕ್ನಾಗೆ ಹಾಕವ್ರೆ ಅಂತಾನೂ ಹೇಳಿದ್ರು."

"ಯಾವ ಬುಕ್ಕು?"

"ಅದೇನೋ, ಹಸ್ರು ಅಟ್ಟೇದು."

ಸುನಂದ ಅವರು ಮತ್ತೆ ಅಚ್ಚು ತೆಗೆದರು, ಮುಂದಿನ ವಾರ ಬರಲು ಹೇಳಿದರು, ಆಮೇಲೆ ಕೈ ತೊಳೆದು ಚೀಟಿಗಳ ಪೆಟ್ಟಿಗೆಯನ್ನೂ ಹಳೆಯ ಸಂಚಿಕೆಗಳ ಕಟ್ಟುಗಳನ್ನೂ ಮುಂದಿಟ್ಟುಕೊಂಡು ಕೂತರು. ಆ ಡಾಕ್ಟರ ಹೆಸರನ್ನು ಹುಡುಕುತ್ತ ಹೋದಾಗ ತೊಂಬತ್ತನಾಲ್ಕರ ಜೂನ್ ಸಂಚಿಕೆಯಲ್ಲಿ ಆ ಲೇಖನ ಸಿಕ್ಕಿತು. ಬರೆದವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ ಡಾ. ಕೋದಂಡರಾಮಪ್ಪ, ವಿಷಯ ಕುಡಿಯುವ ನೀರಿನ ಫ್ಲೋರೈಡ್. ಒಳಗೆ ನಾಲ್ಕು ಪುಟ ಪೂರ್ತಿ ಹಲ್ಲು: ಆರುನೂರ ಹನ್ನೆರಡು ಮಕ್ಕಳಲ್ಲಿ ಮುನ್ನೂರ ಎಪ್ಪತ್ತನಾಲ್ಕು ಮಂದಿಯ ಹಲ್ಲಿನ ಮೇಲೆ ಕಂದು ಪಟ್ಟೆ. ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲು, ಹೆಸರಿಲ್ಲದ 'ಒಬ್ಬ ಆರೋಗ್ಯ ಕಾರ್ಯಕರ್ತೆ'ಗೆ. ಆ ಸಂಚಿಕೆಯ ಚೀಟಿಯಲ್ಲಿ ಸುನಂದ ಅವರದೇ ಅಕ್ಷರದಲ್ಲಿ 'ದಂತ: ಇಲ್ಲ' ಎಂದಿತ್ತು. ದೀಪದ ಬುಡದಲ್ಲೇ ಕತ್ತಲೆ. ಬರೆದವರು ಹಲ್ಲಿನ ವೈದ್ಯರಲ್ಲ ಎಂಬ ಒಂದೇ ಕಾರಣಕ್ಕೆ, ತಂಗಿಯ ಹಲ್ಲಿನಂಥದೇ ಮುನ್ನೂರ ಎಪ್ಪತ್ತನಾಲ್ಕು ಬಾಯಿಗಳನ್ನು ಅವರು ಬಸ್ಸಿನಲ್ಲಿ ಕೂತು ಮಗುಚಿ ಹಾಕಿದ್ದರು. ಅಂದು ತಮಗೆ ಆದಷ್ಟು ನಾಚಿಕೆ ಜೀವನದಲ್ಲಿ ಇನ್ನೆಂದೂ ಆಗಿಲ್ಲವೆಂದು ಅವರೇ ಹೇಳಿದ್ದಾರೆ.

ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ತಪ್ಪನ್ನು ಒಪ್ಪಿದರೆ ಕೋಲಾರ 'ಅಧ್ಯಯನವಾಗದ ಜಿಲ್ಲೆ' ಅಲ್ಲ, ಬಸ್ಸು ಇಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕಿರಿಯ ದಂತವೈದ್ಯೆ ದಿವ್ಯ ದಾರಿಯೊಂದನ್ನು ತೋರಿಸಿದರು. "ಮೇಡಂ, ನಮ್ಮ ನಿಯಮದ ಪ್ರಕಾರ ಅದು ದಂತ ಲೇಖನವೇ ಅಲ್ಲ. ಸೊನ್ನೆ ಅಂದ್ರೆ ಸುಳ್ಳೇನೂ ಆಗಲ್ಲ. ಬಸ್ಸು ಬರ್ಲಿ, ಆಮೇಲೆ ತಿದ್ದಿ ಬರೆಯೋಣ." ದಿವ್ಯ ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಆಕೆಗೂ ಆ ಬಸ್ಸು ಅಷ್ಟೇ ಬೇಕಾಗಿತ್ತು.

"ನಿಯಮ ಮಾಡಿದ್ದು ನಾನೇ ಕಣಮ್ಮ, ಓದೋ ಸೋಮಾರಿತನಕ್ಕೆ ಮಾಡಿದ್ದು" ಎಂದರು ಸುನಂದ. "ಆ ಮಕ್ಕಳನ್ನ ಇಲ್ಲವೇ ಇಲ್ಲ ಅಂತ ಬರೆದು ಬಸ್ ತಂದ್ರೆ, ಅದೇ ಬಸ್ಸಲ್ಲಿ ಆ ಊರುಗಳಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ದೊಡ್ಡಮುನಿಯಮ್ಮನ ಮನೆ ಮುಂದೇನೇ ಹೋಗ್ಬೇಕಲ್ಲ."

ಅಂದೇ ಎರಡು ಪತ್ರಗಳು ಹೋದವು. ಒಂದು, ಲೇಖನವನ್ನು ಅಚ್ಚಿನಿಂದ ಹಿಂದಕ್ಕೆ ಕೊಡಿ ಎಂದು ಸಂಪಾದಕರಿಗೆ. ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಅಧ್ಯಯನ ನಡೆದಿದೆ, ನಾನು ನೋಡದೆ ಇಲ್ಲವೆಂದಿದ್ದೆ ಎಂದು ದತ್ತಿ ಸಂಸ್ಥೆಗೆ. ಎರಡೇ ವಾರದಲ್ಲಿ ಬಸ್ಸು ಬೇರೆ ಜಿಲ್ಲೆಯ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಗೊಣಗಿದರು, ಕೆಲವರು ಎದುರಿಗೇ ಅಂದರು. ಯಾರಿಗೂ ಬೇಡದ ಸತ್ಯಕ್ಕಾಗಿ ಎಲ್ಲರಿಗೂ ಬೇಕಾದ ಬಸ್ಸನ್ನು ಕಳೆದರು ಎಂಬುದು ಅವರ ದೂರು. ಸುನಂದ ಅವರು ಹಳೆಯ ಚೀಟಿಗಳನ್ನೆಲ್ಲ ಬದಿಗಿಟ್ಟರು. ನಾಲ್ಕು ಸಾವಿರದ ಮುನ್ನೂರ ಹದಿನೆಂಟು ಲೇಖನಗಳನ್ನು ಮೊದಲಿನಿಂದ, ಈ ಸಲ ಒಳಗಿನ ಪುಟ ತೆರೆದು, ಓದಲು ಶುರು ಮಾಡಿದರು. ನೆರವಿಗೆ ಮೊದಲು ಬಂದು ಕೂತವರು ದಿವ್ಯ.

ಹದಿನಾಲ್ಕು ತಿಂಗಳು ಹಿಡಿಯಿತು. ಎಣಿಕೆಗೆ ಸಿಗದೆ ಹೋಗಿದ್ದ ಲೇಖನಗಳು ಇಪ್ಪತ್ತಮೂರು ಸಿಕ್ಕವು. ಮೊದಲ ಹತ್ತು ವರ್ಷದವೇ ಹನ್ನೊಂದು, ಆಮೇಲೆ ಏಳು, ಕಡೆಗೆ ಐದು. ಎಲ್ಲವನ್ನೂ ಬರೆದವರು ದಂತವೈದ್ಯರಲ್ಲದವರು, ಅವುಗಳಲ್ಲಿ ಮೂರು ಕೋಲಾರ ಜಿಲ್ಲೆಯವು. ತೊಂಬತ್ತೇಳು ಹೋಗಿ ನೂರ ಇಪ್ಪತ್ತಾಯಿತು. ಅದಕ್ಕಿಂತ ಮುಖ್ಯವಾಗಿ, ಕಥೆಯೇ ಬದಲಾಯಿತು. ಹಲ್ಲಿನ ಲೇಖನಗಳು ಮೂವತ್ತು ವರ್ಷದಲ್ಲಿ ನಾಲ್ಕು ಪಟ್ಟಿನ ಹತ್ತಿರ ಬೆಳೆದಿವೆ ಎಂದು ಹಳೆಯ ಲೆಕ್ಕ ಹೇಳುತ್ತಿತ್ತು. ಹೊಸದರ ಪ್ರಕಾರ ಬೆಳೆದದ್ದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ದಂತವೈದ್ಯರು ಹೆಚ್ಚಿದಂತೆ ಉಳಿದ ವೈದ್ಯರು ರೋಗಿಯ ಬಾಯಿ ನೋಡುವುದನ್ನೇ ಬಿಟ್ಟಿದ್ದರು. ದಂತವೈದ್ಯರೋ ಹಳ್ಳಿಯ ಬಾಯಿಯನ್ನು ಎತ್ತಿಕೊಂಡಿರಲಿಲ್ಲ. ನಡುವೆ ಬಿದ್ದುಹೋದವರು ಮಕ್ಕಳು. ಎರಡು ಸಾವಿರದ ಹದಿನೆಂಟರಲ್ಲಿ ಅಚ್ಚಾದ ಹೊಸ ಲೇಖನದ ಮೊದಲ ಪ್ಯಾರಾದಲ್ಲೇ ಅವರು ತಮ್ಮ ಮೊದಲ ಎಣಿಕೆ ತಪ್ಪಾದದ್ದು ಹೇಗೆಂದು ಬಿಡಿಸಿ ಬರೆದಿದ್ದಾರೆ. ನಮ್ಮಲ್ಲಿ ಬೇರೆಯವರ ತಪ್ಪನ್ನು ಹಿಡಿದು ಹೆಸರಾದ ವಿದ್ವಾಂಸರು ಅನೇಕರಿದ್ದಾರೆ. ತಮ್ಮದನ್ನೇ ಹಿಡಿದವರನ್ನು ತೋರಿಸಿ ಎಂದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಬಸ್ಸು ಹೋದದ್ದು ಹೋಯಿತು, ಸರ್ಕಾರಿ ಕೆಂಪು ಬಸ್ಸು ಇತ್ತಲ್ಲ. ಅನುಮತಿ ಪತ್ರ ಹಿಡಿದು, ತಮ್ಮ ಗಳಿಕೆ ರಜೆಯನ್ನು ಶನಿವಾರಕ್ಕೊಂದರಂತೆ ಕತ್ತರಿಸಿಕೊಂಡು, ಕನ್ನಡಿ, ಟಾರ್ಚು, ದಾಖಲೆ ಹಾಳೆಗಳ ಚೀಲದೊಡನೆ ಸುನಂದ ಅವರು ಅದೇ ಒಂಬತ್ತು ಊರುಗಳ ಶಾಲೆಗಳಿಗೆ ಹೊರಟರು. ದೊಡ್ಡಮುನಿಯಮ್ಮ ಹೊಸ ಹಲ್ಲುಸೆಟ್ಟು ಹಾಕಿಕೊಂಡು ದಾರಿ ತೋರಿಸಲು, ಮೊದಲಿನಂತೆಯೇ ಮಕ್ಕಳ ಬಾಯಿ ಬಿಡಿಸಿ ನೋಡಲು ಜೊತೆಯಾದರು. ಯಾವ ಬೀದಿಯ ಯಾವ ಮನೆಯ ಹುಡುಗಿ ಯಾವ ಊರಿಗೆ ಸೊಸೆಯಾಗಿ ಹೋದಳೆಂಬುದು ಸಹ ಆಕೆಯ ನಾಲಗೆಯ ತುದಿಯಲ್ಲಿತ್ತು. ಒಂದು ಶಾಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಕರೆತಂದ ತಾಯಿ ಆಕೆಯನ್ನು ಗುರುತು ಹಿಡಿದು, "ನರ್ಸಮ್ಮಾ, ನಾನು ಇವ್ಳಷ್ಟಿದ್ದಾಗ ನನ್ ಬಾಯೂ ನೀವೇ ನೋಡಿದ್ರಿ. ನೋಡಿ ಹೋದ್ರಿ, ಮತ್ತೆ ಬರ್ಲೇ ಇಲ್ಲ" ಎಂದಳು. ಮಾತಿನ ಮಲ್ಲಿ ದೊಡ್ಡಮುನಿಯಮ್ಮ ಅಂದು ಹುಡುಗಿಯ ಗಲ್ಲ ಹಿಡಿದು ಬಾಯೊಳಕ್ಕೆ ಟಾರ್ಚು ಬಿಟ್ಟರು. "ಬಂದ್ವಲ್ಲ ಈಗ" ಎಂದವರು ಸುನಂದ. ಮುಂದಿನ ಶನಿವಾರ ಹೊರಡುವಾಗ ಅವರು ಎಂದಿಗಿಂತ ಒಂದು ಗಂಟೆ ಮುಂಚೆಯೇ ಬಸ್ ನಿಲ್ದಾಣದಲ್ಲಿದ್ದರು.

ಐನೂರ ಎಂಬತ್ತೆಂಟು ಮಕ್ಕಳ ತಪಾಸಣೆ ಮುಗಿದಾಗ ಮೊದಲ ಅಧ್ಯಯನ ಎಷ್ಟು ಬೆಲೆಯುಳ್ಳದ್ದೆಂಬುದು ಎಲ್ಲರಿಗೂ ತಿಳಿಯಿತು. ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದ ಆರು ಊರುಗಳಲ್ಲಿ ಪಟ್ಟೆಹಲ್ಲು ಹಿಂದಿನ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಘಟಕ ಕೆಟ್ಟು ನಿಂತಿದ್ದ ಮೂರು ಊರುಗಳಲ್ಲಿ ತಾಯಂದಿರ ಹಲ್ಲಿದ್ದಂತೆಯೇ ಮಕ್ಕಳ ಹಲ್ಲೂ ಇತ್ತು. ಹಿಂದಿನದೊಂದು ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಇದನ್ನು ಯಾರೂ ಸಾಧಿಸಿ ತೋರಿಸಲಾಗುತ್ತಿರಲಿಲ್ಲ. ಆ ಹಾಳೆಗಳನ್ನು ಹಿಡಿದು ಸುನಂದ ಅವರು ಕಚೇರಿಯಿಂದ ಕಚೇರಿಗೆ ಹತ್ತಿಳಿದರು. ಎರಡು ಘಟಕಗಳು ರಿಪೇರಿಯಾಗಿವೆ, ಮೂರನೆಯದಕ್ಕೆ ಅವರು ಇನ್ನೂ ಅಲೆಯುತ್ತಿದ್ದಾರೆ.

ಈ ತಪಾಸಣೆಯ ಲೇಖನವನ್ನು ಅದೇ ಹಸಿರು ರಟ್ಟಿನ ಪತ್ರಿಕೆಗೆ ಕಳಿಸಿದಾಗ ಇನ್ನೊಂದು ಜಗಳ ಕಾದಿತ್ತು. ಮೊದಲ ಲೇಖಕಿ ಸುನಂದ, ಎರಡನೆಯವರು ದೊಡ್ಡಮುನಿಯಮ್ಮ, ಮೂರನೆಯವರು ದಿವ್ಯ. ಪದವಿಯಿಲ್ಲದವರ ಹೆಸರನ್ನು ಕೃತಜ್ಞತೆಯಲ್ಲಿ ಸೇರಿಸಬಹುದು ಎಂದು ಪತ್ರಿಕೆಯಿಂದ ಸೂಚನೆ ಬಂತು. ಮೂವತ್ತು ವರ್ಷದ ಹಿಂದೆ ಅವರನ್ನು ಅಲ್ಲೇ ಕೂರಿಸಿದ್ದಿರಿ, ಅದೂ ಹೆಸರಿಲ್ಲದೆ; ಪದವಿಯನ್ನೇ ನೋಡಿ ಹೋಗಿ ನನ್ನ ಎಣಿಕೆಯೂ ತಪ್ಪಿತು ಎಂದು ಸುನಂದ ಅವರು ಉತ್ತರಿಸಿದರು. ಸಾವಿರದ ಇನ್ನೂರು ಬಾಯಿಗಳನ್ನು ಬಿಡಿಸಿ ನೋಡಿದವರಿಗೆ ಲೇಖಕರ ಸಾಲಿನಲ್ಲಿ ಜಾಗವಿಲ್ಲದಿದ್ದರೆ ನನ್ನ ಹೆಸರೂ ಬೇಡ, ಲೇಖನವೂ ಬೇಡ. ಏಳು ತಿಂಗಳು ಪತ್ರಗಳು ಓಡಾಡಿದವು. ಕೊನೆಗೆ ಸೋತವರು ಸಂಪಾದಕರು.

ಸುನಂದ ಅವರ ನಿವೃತ್ತಿಗೆ ತಿಂಗಳಿರುವಾಗ ಸಂಚಿಕೆ ಬಂತು. ಅದನ್ನು ಅವರು ಅಂಚೆಗೆ ಹಾಕದೆ ತಾವೇ ಹಿಡಿದುಕೊಂಡು ಹೋದರು. ದೊಡ್ಡಮುನಿಯಮ್ಮ ಕೈಯೊರೆಸಿಕೊಂಡು ಬಂದು, ಇಂಗ್ಲಿಷ್ ಅಕ್ಷರಗಳ ಸಾಲನ್ನು ದಿಟ್ಟಿಸಿ, "ಎಲ್ಲೈತೆ ನನ್ನೆಸ್ರು?" ಎಂದರು. ಸುನಂದ ಅವರು ತೋರಿಸಿದರು. ಆಕೆ ಅದರ ಮೇಲೆ ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಎಳೆದರು. ಆಮೇಲೆ ಆಕೆ ಪತ್ರಿಕೆಯನ್ನು ಮಡಿಸಿಟ್ಟು ಕೇಳಿದರು: "ಆವಾಗ್ಲೂ ಒಂಬತ್ತೂರು, ಈವಾಗ್ಲೂ ಒಂಬತ್ತೇ. ಮಿಕ್ಕಿದ್ ಊರ್ನೋರು ಏನ್ ಪಾಪ ಮಾಡಿದ್ರು ಡಾಕ್ಟ್ರಮ್ಮಾ?"

ನಿವೃತ್ತರಾದವರಿಗೆ ವಿಶ್ರಾಂತಿಯ ಬದುಕನ್ನು ಹಾರೈಸುವುದು ವಾಡಿಕೆ. ಈ ಗ್ರಂಥದ ಬಳಗ ಆ ಹಾರೈಕೆಯನ್ನು ಬೇಕೆಂದೇ ಬಿಟ್ಟಿದೆ. ಡಾ. ಸುನಂದ ಅವರು ಕಣ್ಣು, ಕೈ, ಕಾಲು ಗಟ್ಟಿಯಾಗಿದ್ದು ನೂರು ಕಾಲ ಬಾಳಲಿ. ಅವರ ಹಠ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದಿರಲಿ. ದೊಡ್ಡಮುನಿಯಮ್ಮನವರೂ ಅಷ್ಟೇ ಕಾಲ ಅವರ ಜೊತೆಗಿರಲಿ. ಈ ಗ್ರಂಥವನ್ನು ಶನಿವಾರ ಅರ್ಪಿಸಬೇಕೆಂದು ನಾವು ಮೊದಲು ನಿಶ್ಚಯಿಸಿದ್ದೆವು. ಅವರು ಒಪ್ಪಲಿಲ್ಲ. ಆ ದಿನ ಅವರಿಬ್ಬರೂ ಹತ್ತನೆಯ ಊರಿನ ಶಾಲೆಯಲ್ಲಿರುತ್ತಾರೆ.